ಸಲ್ಲದ ನಮಸ್ಕಾರ

ಮಗನನ್ನು ಕಳೆದುಕೊಂಡ ತಂದೆಯೊಬ್ಬರು ನನ್ನೆದುರು ಕೂತು ಮಾತಾಡುತ್ತಿದ್ದರು. ಆ ಹೊತ್ತಿಗೆ ನಾನು ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಮನೆಯಲ್ಲಿದ್ದದ್ದು ಕೊನೆಯ ಸಿಲಿಂಡರು, ಅಮ್ಮ ಬೆಳಿಗ್ಗೆಯೇ ನೆನಪಿಸಿದ್ದಳು.

ನಾನು ಆಪ್ತಸಮಾಲೋಚಕಿ. ಇದನ್ನು ಬರೆಯುವ ಮುನ್ನ ಆ ಹಿರಿಯರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವೃತ್ತಿಯೊಂದನ್ನು ಮಾತ್ರ ಹಾಗೇ ಉಳಿಸಿದ್ದೇನೆ, ಅದು ಇರಲಿ ಎಂದು ಅವರೇ ಹೇಳಿದರು. ಬಸ್ ಚಾಲಕರಾಗಿದ್ದು ನಿವೃತ್ತರಾದವರು ಅವರು. ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡು ಹತ್ತಿರ ಹತ್ತಿರ ವರ್ಷವಾಗುತ್ತಿತ್ತು. ನನ್ನ ಬಳಿ ಬರತೊಡಗಿ ಅದು ಏಳನೆಯ ವಾರ. ರಾತ್ರಿ ಬಂದ ಫೋನು, ಆಸ್ಪತ್ರೆಯ ಕಾರಿಡಾರು, ಮಗನ ಒಂದೇ ಕಾಲಿನಲ್ಲಿ ಉಳಿದಿದ್ದ ಚಪ್ಪಲಿ. ಪ್ರತಿವಾರವೂ ಇದೇ ಕ್ರಮದಲ್ಲಿ ಹೇಳುತ್ತಿದ್ದರು. ಒಂದು ವಾಕ್ಯ ಮುಗಿಯುವಾಗ ಮುಂದಿನದು ಯಾವುದೆಂದು ನನಗೆ ಗೊತ್ತಿರುತ್ತಿತ್ತು. ಆ ದಿನವೂ ತಲೆಯಾಡಿಸಬೇಕಾದ ಕಡೆ ತಲೆಯಾಡಿಸಿದೆ, ‘ಹ್ಞೂಂ’ ಎನ್ನಬೇಕಾದ ಕಡೆ ‘ಹ್ಞೂಂ’ ಎಂದೆ. ಐವತ್ತು ನಿಮಿಷ ಮುಗಿಯಿತು.

ಎದ್ದು ನಿಂತವರು ಬಾಗಿಲ ಬಳಿ ತಿರುಗಿ ಕೈ ಮುಗಿದರು. “ಇಷ್ಟು ತಾಳ್ಮೆಯಿಂದ ನನ್ನ ಮಾತು ಕೇಳೋರು ಅಂದ್ರೆ ನೀವೊಬ್ರೇ ಮೇಡಂ” ಅಂದರು. ನಾನೂ ಕೈ ಮುಗಿದೆ.

ಆ ನಮಸ್ಕಾರ ನನಗೆ ಸಲ್ಲುವಂಥದ್ದಾಗಿರಲಿಲ್ಲ. ಕೊಡದೇ ಇದ್ದದ್ದಕ್ಕೆ ಕೃತಜ್ಞತೆ ಪಡೆದಿದ್ದೆ, ಶುಲ್ಕವನ್ನೂ ಪಡೆದಿದ್ದೆ. ಅದನ್ನು ಮೋಸ ಅನ್ನಬೇಕೋ, ದಣಿವು ಅನ್ನಬೇಕೋ? ದಣಿವೇ ಆಗಿದ್ದರೆ, ದಣಿದವರು ಮಾಡಿದ್ದೆಲ್ಲ ಮಾಫಿಯೇ?

ಈ ಸ್ಥಿತಿಗೆ ಒಂದು ಹೆಸರಿದೆ. 1992ರಲ್ಲಿ ಅಮೆರಿಕದ ಕಾರ್ಲಾ ಜಾಯ್ನ್‌ಸನ್ ದಾದಿಯರ ಬಗ್ಗೆ ಬರೆದ ಲೇಖನವೊಂದರಲ್ಲಿ ‘ಕಂಪ್ಯಾಷನ್ ಫಟೀಗ್’ ಎಂಬ ಮಾತು ಬಂತು. 1995ರಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲಿ ಅದೇ ಹೆಸರಿನಲ್ಲಿ ಪುಸ್ತಕವೊಂದನ್ನು ಸಂಪಾದಿಸಿದ ಮೇಲೆ ಅದು ನಮ್ಮ ವೃತ್ತಿಯ ನಿತ್ಯದ ಮಾತಾಯಿತು. ಕನ್ನಡದಲ್ಲಿ ಕರುಣೆಯ ದಣಿವು ಎನ್ನಬಹುದು. ಆಘಾತಕ್ಕೆ ಒಳಗಾದವರ ಜೊತೆ ದಿನವೂ ಕೂರುವವರಲ್ಲಿ ಆ ಆಘಾತದ ಕೆಲವು ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ ಎಂಬುದು ಫಿಗ್ಲಿ ಹೇಳಿದ್ದರ ಸಾರ. ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಕೇಳಿದ ಕತೆಗಳ ಚಿತ್ರಗಳು ಕರೆಯದೆ ಬರುತ್ತವೆ, ಕೊನೆಗೆ ಏನೂ ತಟ್ಟದಂತಾಗುತ್ತದೆ.

ಇದನ್ನೆಲ್ಲ ನಾನು ಓದಿದ್ದೆ, ಕಿರಿಯರಿಗೆ ಪಾಠ ಹೇಳಿಯೂ ಇದ್ದೆ. ನನಗೇ ಅನ್ವಯಿಸಿಕೊಂಡಾಗ ಮೊದಲು ಹಗುರವಾಯಿತು. ಆಮೇಲೆ ಆ ಹಗುರದ ಮೇಲೇ ಅನುಮಾನ ಬಂತು. ದಣಿವು ಎನ್ನುವುದು ನಾನು ಕೇಳಿಸಿಕೊಳ್ಳದೆ ಇದ್ದುದಕ್ಕೆ ಕಾರಣವಷ್ಟೆ. ಕಾರಣ ಹೇಳಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಮನೆಯಲ್ಲಿ ಅಮ್ಮ ಈ ಕಾಯಿಲೆಯನ್ನು ನನಗಿಂತ ಮುಂಚೆ ಪತ್ತೆ ಹಚ್ಚಿದ್ದಳು. “ಊರಿನವರ ಕಷ್ಟಕ್ಕೆಲ್ಲ ಕಿವಿ ಕೊಡ್ತೀಯ. ನಾನು ಮಂಡಿ ನೋವು ಅಂದ್ರೆ ಮೊಬೈಲ್ ನೋಡ್ತೀಯ” ಎಂದು ಒಂದು ಸಂಜೆ ಹೇಳಿದಳು. ಸಿಟ್ಟಿನಿಂದಲ್ಲ, ಹವಾಮಾನ ಹೇಳುವ ಹಾಗೆ. ನಾನು ಮಂಡಿಗೆ ಎಣ್ಣೆ ಹಚ್ಚಿಕೊಟ್ಟೆ. ಕೈ ಕೆಲಸ ಮಾಡುತ್ತಿತ್ತು, ಒಳಗೆ ಏನೂ ಮಿಡಿಯುತ್ತಿರಲಿಲ್ಲ.

ನಮ್ಮ ಭಾಷೆ ಇಂಥ ಹೊತ್ತಿನಲ್ಲಿ ದಯೆ ತೋರಿಸುವುದಿಲ್ಲ. ಬೇರೆಯವರ ನೋವು ಕಂಡರೆ ‘ಕರುಳು ಚುರುಕ್’ ಅನ್ನಬೇಕು. ಮರುಕ ಎಂದರೆ ಮರುಗಬೇಕು. ಹಾಗಾಗದವರಿಗೆ ಕಲ್ಲೆದೆಯವರು ಎಂಬ ಹೆಸರು ಸಿದ್ಧವಾಗಿದೆ. ಕರುಣೆ ಎಂದರೆ ಮೈಯೊಳಗೆ ಆಗುವ ಒಂದು ನೋವು ಎಂದೇ ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಹಾಗಾದರೆ ದಿನಕ್ಕೆ ಆರು ಜನರ ಕಷ್ಟ ಕೇಳುವವಳ ಕರುಳು ದಿನಕ್ಕೆ ಆರು ಸಲ ಚುರುಕ್ ಅನ್ನಬೇಕು, ವರ್ಷಗಟ್ಟಲೆ. ಯಾವ ಕರುಳು ತಡೆಯುತ್ತದೆ?

ತತ್ತ್ವಶಾಸ್ತ್ರದಲ್ಲಿ ನನ್ನಂಥವರ ಪರ ವಾದ ಮಾಡುವವರಿದ್ದಾರೆ. ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಪರೋಪಕಾರಿಯನ್ನು ಕಲ್ಪಿಸಿಕೊಳ್ಳುತ್ತಾನೆ. ಸ್ವಂತ ದುಃಖದಿಂದ ಅವನ ಮನಸ್ಸಿಗೆ ಮೋಡ ಕವಿದಿದೆ. ಇತರರ ಪಾಡು ಅವನನ್ನು ತಟ್ಟುತ್ತಿಲ್ಲ. ಆದರೂ ಆ ಜಡತ್ವವನ್ನು ಕೊಡವಿ ಎದ್ದು, ಮಾಡಬೇಕಾದದ್ದು ಎಂಬ ಒಂದೇ ಕಾರಣಕ್ಕೆ ಸಹಾಯ ಮಾಡುತ್ತಾನೆ. ಆಗಲೇ ಅವನ ಕೆಲಸಕ್ಕೆ ನಿಜವಾದ ನೈತಿಕ ಬೆಲೆ ಎನ್ನುತ್ತಾನೆ ಕಾಂಟ್. ಇದನ್ನು ನನ್ನ ಆ ಮಧ್ಯಾಹ್ನಕ್ಕೆ ಹೊಂದಿಸಿದರೆ ನಾನು ಅಪರಾಧಿಯಲ್ಲ, ಹೆಚ್ಚುಕಡಿಮೆ ಆದರ್ಶ ವ್ಯಕ್ತಿ!

ಇದಕ್ಕೆ ಎದುರಾಗಿ ಮೈಕೇಲ್ ಸ್ಟಾಕರ್ 1976ರ ಪ್ರಬಂಧವೊಂದರಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ನೀವು ಆಸ್ಪತ್ರೆಯಲ್ಲಿ ಮಲಗಿದ್ದೀರಿ, ಬೇಸರವಾಗಿದೆ. ಗೆಳೆಯ ನೋಡಲು ಬರುತ್ತಾನೆ. ನಿಮಗೆ ಹಿಗ್ಗಾಗುತ್ತದೆ. ಮಾತಾಡುತ್ತ ಹೋದಂತೆ, ಅವನು ಬಂದದ್ದು ನಿಮ್ಮ ಮೇಲಿನ ಪ್ರೀತಿಯಿಂದಲ್ಲ, ಬರುವುದು ತನ್ನ ಕರ್ತವ್ಯ ಎಂದುಕೊಂಡು ಎಂದು ತಿಳಿಯುತ್ತದೆ. ಆ ಕ್ಷಣ ಏನೋ ಒಂದು ಕುಸಿಯುತ್ತದೆ. ತಂದ ಹಣ್ಣು ಹಾಗೇ ಇದೆ, ಕೂತ ಸಮಯವೂ ಅಷ್ಟೇ ಇದೆ, ಆದರೂ ಭೇಟಿಯ ಜೀವವೇ ಹೋಗಿದೆ.

ಬಹಳ ದಿನ ನಾನು ಈ ಇಬ್ಬರ ನಡುವೆ ಓಡಾಡಿದೆ. ನನ್ನ ತಪ್ಪು ಭಾವನೆಗೆ ಸಂಬಂಧಿಸಿದ್ದು ಎಂದೇ ಅಂದುಕೊಂಡಿದ್ದೆ. ಅದು ಬೇರೆ ಎಂದು ತೋರಿಸಿದ್ದು ಮುಂದಿನ ಗುರುವಾರ.

ಅವರು ಬಂದು ಕೂತು, ನೀರು ಕುಡಿದು, ಮಾತು ಶುರುಮಾಡಿದರು. “ಹೋದ ವಾರ ಹೇಳಿದ್ನಲ್ಲ ಮೇಡಂ, ಗಾಡಿ ವಿಷಯ. ಅದನ್ನ ಹೇಳಿದ್ಮೇಲೆ ಮೂರು ದಿನ ನಿದ್ದೆ ಬರ್ಲಿಲ್ಲ.”

ಯಾವ ಗಾಡಿ ವಿಷಯ? ನನಗೆ ಏನೂ ನೆನಪಿರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ್ದು ಎಂದು ಎರಡೇ ಸಾಲು ಇತ್ತು, ಎರಡೂ ಹಿಂದಿನ ವಾರಗಳವೇ. ಮಗನ ಸಾವಿನ ಕತೆಯಲ್ಲಿ ಮುಂದಿನ ವಾಕ್ಯ ನನಗೆ ಗೊತ್ತು ಎಂದುಕೊಂಡು ನಾನು ಸಿಲಿಂಡರಿನ ಹಿಂದೆ ಹೋಗಿದ್ದಾಗ, ಅವರು ಬೇರೆ ವಾಕ್ಯ ಹೇಳಿದ್ದರು.

ಈ ಕೆಲಸದಲ್ಲಿ ಇಂಥ ಇಕ್ಕಟ್ಟಿನಿಂದ ಪಾರಾಗುವ ಉಪಾಯಗಳು ಬೇಕಾದಷ್ಟಿವೆ. “ಅದರ ಬಗ್ಗೆ ಈಗ ಏನನ್ನಿಸುತ್ತಿದೆ?” ಎಂದು ಕೇಳಿದರೆ ಸಾಕು, ಅವರೇ ಎಲ್ಲ ಹೇಳಿಬಿಡುತ್ತಾರೆ, ನನ್ನ ಗೈರುಹಾಜರಿ ಗೊತ್ತೇ ಆಗುವುದಿಲ್ಲ. ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅದು ಬಂದ ಸಲೀಸು ನೋಡಿ ನನಗೇ ಭಯವಾಯಿತು. “ಕ್ಷಮಿಸಿ. ಹೋದ ವಾರ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ತಪ್ಪು ನನ್ನದು. ಇನ್ನೊಂದು ಸಲ ಹೇಳೋಕೆ ಆಗುತ್ತಾ?” ಎಂದೆ.

ಅವರು ಫ್ಯಾನಿನ ಕಡೆ ನೋಡುತ್ತ ಕೂತರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಆಮೇಲೆ ಹೇಳಿದರು:

“ನಮಗೂ ಹಂಗೇ ಆಗೋದು ಮೇಡಂ. ನೈಟ್ ಸರ್ವೀಸಲ್ಲಿ ಬೆಳಗಿನ ಜಾವ ಮೂರು, ನಾಕು ಗಂಟೆ ಹೊತ್ತಿಗೆ ಕಣ್ಣು ಬಿಟ್ಟೇ ಇರ್ತೀವಿ. ಕೈ ಸ್ಟೇರಿಂಗ್ ಮೇಲೇ ಇರುತ್ತೆ, ಗೇರೂ ಹಾಕ್ತಿರ್ತೀವಿ. ಆದ್ರೆ ರಸ್ತೆ ಕಾಣ್ತಾ ಇರಲ್ಲ. ಯಾವ ಊರು ದಾಟಿದ್ವಿ ಅಂತ್ಲೇ ಗೊತ್ತಾಗಲ್ಲ. ಅವಾಗ ಗಾಡಿ ಸೈಡಿಗೆ ಹಾಕಿ, ಮುಖ ತೊಳ್ಕೊಂಡು, ಟೀ ಕುಡೀಬೇಕು.” ಸ್ವಲ್ಪ ತಡೆದು ಸೇರಿಸಿದರು: “ಎಲ್ರೂ ಹಾಕಲ್ಲ ಬಿಡಿ. ಟೈಮಿಗೆ ಡಿಪೋ ಸೇರ್ಬೇಕಲ್ಲ.”

ಆಮೇಲೆ ಗಾಡಿ ವಿಷಯ ಹೇಳಿದರು. ಬೈಕು ಬೇಡವೆಂದು ಹೆಂಡತಿ ಹಟ ಹಿಡಿದಿದ್ದರು. ಇಷ್ಟು ವರ್ಷ ರಸ್ತೆಯಲ್ಲಿ ಏನೇನು ನೋಡಿದ್ದೀರಿ, ನೀವೇ ಕೊಡಿಸ್ತೀರಾ ಎಂದು ಕೇಳಿದ್ದರು. ಆದರೂ ಇವರು ಸಾಲಕ್ಕೆ ಸಹಿ ಹಾಕಿದ್ದರು. ಮಗ ಹೋದ ಮೇಲೆ ಹೆಂಡತಿ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಎತ್ತದೇ ಇರುವುದೇ ಇವರಿಗೆ ಉರಿಯಾಗಿತ್ತು. ಆರು ವಾರ ಚಪ್ಪಲಿಯ ಕತೆ ಹೇಳುತ್ತ ಅವರು ಈ ಮಾತಿನ ಸುತ್ತಲೇ ಓಡಾಡಿದ್ದರು. ಏಳನೆಯ ವಾರ ಹೇಗೋ ಧೈರ್ಯ ಮಾಡಿ ಹೇಳಿದ್ದರು. ಆಗ ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಆ ದಿನ ನನಗೆ ಸ್ಪಷ್ಟವಾದದ್ದು ಇಷ್ಟು. ಏಳನೆಯ ವಾರ ನನ್ನ ಕರುಳು ಚುರುಕ್ ಅನ್ನದಿದ್ದುದರಿಂದ ಅವರಿಗೆ ನಷ್ಟವಾಗಲಿಲ್ಲ. ನಾನು ಕೇಳದೇ ಇದ್ದುದರಿಂದ ನಷ್ಟವಾಯಿತು. ಇವೆರಡನ್ನೂ ಒಂದೇ ಎಂದು ನಾನು ತಿಳಿದಿದ್ದೆ. ಕಾಂಟ್‌ನ ಪರೋಪಕಾರಿಗೂ ನನಗೂ ಇದ್ದ ವ್ಯತ್ಯಾಸ ಇದೇ. ಅವನಲ್ಲಿ ಭಾವನೆ ಬತ್ತಿತ್ತು, ಆದರೆ ಅವನು ಕೆಲಸ ಮಾಡಿದ. ಸಮಾಲೋಚಕಿಗೆ ಕೇಳುವುದೇ ಕೆಲಸ. ನಾನು ಅದರ ಅಭಿನಯ ಮಾಡಿದೆ. ಸ್ಟಾಕರ್‌ನ ರೋಗಿಯ ಬೇಸರವೂ ಈಗ ಬೇರೆ ರೀತಿ ಕಂಡಿತು. ಆ ಗೆಳೆಯನ ಕಣ್ಣು ತನ್ನ ಕರ್ತವ್ಯದ ಮೇಲಿತ್ತು, ಮಂಚದ ಮೇಲಿದ್ದವನ ಮೇಲಲ್ಲ. ಕುಸಿದದ್ದು ಅದರಿಂದ.

ಓಲ್ಗಾ ಕ್ಲಿಮೆಕಿ, ತಾನಿಯಾ ಸಿಂಗರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 2014ರಲ್ಲಿ ಅಚ್ಚಾಗಿದೆ. ನರಳುತ್ತಿರುವ ಜನರ ವಿಡಿಯೋ ತುಣುಕುಗಳನ್ನು ತೋರಿಸಿ, ನೋಡುವವರ ಮನಸ್ಸಿನಲ್ಲೂ ಮಿದುಳಿನಲ್ಲೂ ಏನಾಗುತ್ತದೆಂದು ಅಳೆದರು. ಮೊದಲು ಆ ನೋವಿಗೆ ದನಿಗೂಡಿಸಿ ತಾವೂ ಅನುಭವಿಸುವ ತರಬೇತಿ ಕೊಟ್ಟರು. ಜನರ ಸಂಕಟ ಹೆಚ್ಚಿತು. ಆಮೇಲೆ ಅದೇ ಜನರಿಗೆ, ನರಳುವವರಿಗೆ ಒಳ್ಳೆಯದಾಗಲಿ ಎಂದು ಮನಸ್ಸನ್ನು ಅವರ ಕಡೆ ತಿರುಗಿಸುವ ತರಬೇತಿ ಕೊಟ್ಟರು. ಸಂಕಟ ಇಳಿದು ಮನಸ್ಸು ಚೇತರಿಸಿಕೊಂಡಿತು. ಮಿದುಳಿನಲ್ಲಿ ಚುರುಕಾದ ಜಾಲಗಳೂ ಬೇರೆ ಬೇರೆ. ದಣಿಯುವುದು ಕರುಣೆಯಲ್ಲ, ಪರರ ನೋವನ್ನು ನಮ್ಮದಾಗಿ ಹೊತ್ತುಕೊಳ್ಳುವ ಪರಾನುಭೂತಿ, ಹಾಗಾಗಿ ‘ಕರುಣೆಯ ದಣಿವು’ ಎಂಬ ಹೆಸರೇ ತಪ್ಪು ಎಂಬುದು ಕ್ಲಿಮೆಕಿ ಮತ್ತು ಸಿಂಗರ್ ಅವರ ವಾದ.

ಈ ಭೇದವನ್ನು ನಮ್ಮ ನೆಲದ ಬೌದ್ಧರು ಬಹಳ ಹಿಂದೆಯೇ ಗುರುತಿಸಿದ್ದರು. ಐದನೆಯ ಶತಮಾನದ ಬುದ್ಧಘೋಷನ ‘ವಿಸುದ್ಧಿಮಗ್ಗ’ದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಗುಣಗಳಿಗೂ ಎರಡೆರಡು ಬಗೆಯ ಶತ್ರುಗಳನ್ನು ಹೇಳಿದೆ. ದೂರದ ಶತ್ರು ಎಂದರೆ ನೇರ ವಿರೋಧಿ, ಕರುಣೆಗೆ ಕ್ರೌರ್ಯ. ಹತ್ತಿರದ ಶತ್ರು ಎಂದರೆ ಆ ಗುಣದಂತೆಯೇ ಕಂಡು ಮೋಸಗೊಳಿಸುವಂಥದ್ದು. ಕರುಣೆಗೆ ಅದು ದುಃಖ. ಉಪೇಕ್ಷೆ ಎಂದರೆ ಇಲ್ಲಿ ಸಮಚಿತ್ತ. ಅದರ ಹತ್ತಿರದ ಶತ್ರು, ತಿಳಿವಿಲ್ಲದ ಉದಾಸೀನ.

ನನ್ನ ಹದಿನಾಲ್ಕು ವರ್ಷಗಳ ಕೆಲಸ ಈ ಎರಡು ಹತ್ತಿರದ ಶತ್ರುಗಳ ನಡುವೆ ನಡೆದಿದೆ. ಮೊದಲ ವರ್ಷಗಳಲ್ಲಿ ಬಂದವರ ಜೊತೆ ನಾನೂ ಅಳುತ್ತಿದ್ದೆ, ರಾತ್ರಿ ನಿದ್ದೆಗೆಡುತ್ತಿದ್ದೆ, ಅದನ್ನೇ ಕರುಣೆ ಅಂದುಕೊಂಡು ಒಳಗೊಳಗೆ ಹೆಮ್ಮೆಯನ್ನೂ ಪಟ್ಟಿದ್ದೇನೆ. ಆ ಅಳುವಿನಲ್ಲಿ ಎಷ್ಟು ಪಾಲು ಅವರದು, ಎಷ್ಟು ನನ್ನದು ಎಂದು ಕೇಳಿಕೊಳ್ಳಲಿಲ್ಲ. ಒಬ್ಬಾಕೆ ನನ್ನ ಕಣ್ಣಲ್ಲಿ ನೀರು ಕಂಡು, ತನ್ನ ಮಾತು ನಿಲ್ಲಿಸಿ, ನನಗೇ ಸಮಾಧಾನ ಹೇಳಿದ್ದುಂಟು. ಆಮೇಲಿನ ವರ್ಷಗಳಲ್ಲಿ ಅಳು ನಿಂತಿತು. ಪಳಗಿದೆ, ಸಮಚಿತ್ತ ಬಂತು ಎಂದುಕೊಂಡೆ. ಬಂದದ್ದು ಸಮಚಿತ್ತದ ವೇಷ ಹಾಕಿದ ಉದಾಸೀನ ಎಂದು ತಿಳಿಯಲು ಆ ಗುರುವಾರ ಬೇಕಾಯಿತು.

ಆದರೆ ಪಾಠವನ್ನು ಇಲ್ಲಿಗೆ ಮುಗಿಸಿದರೆ, ಎಲ್ಲವೂ ಸಮಾಲೋಚಕಿಯ ಮನಸ್ಸಿನ ಶಿಸ್ತಿನ ಪ್ರಶ್ನೆ ಎಂದಾಗಿಬಿಡುತ್ತದೆ. ಹೀಗೆ ಧ್ಯಾನ ಮಾಡಿ, ಹಾಗೆ ಉಸಿರಾಡಿ, ಮತ್ತೆ ಆರು ಜನರನ್ನು ನೋಡಿ. ಆ ಹಿರಿಯರ ಕೊನೆಯ ಮಾತನ್ನು ಮರೆಯಬಾರದು: ಟೈಮಿಗೆ ಡಿಪೋ ಸೇರಬೇಕು. ನಾನು ನನ್ನ ಹಿರಿಯ ಸಮಾಲೋಚಕಿಯೊಬ್ಬರಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, “ಆ ದಿನ ಅವರು ಎಷ್ಟನೆಯವರು?” ಐದನೆಯವರು ಎಂದೆ. ಅವರು ಏನೂ ಹೇಳಲಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಈ ದೇಶದಲ್ಲಿ ಮಾನಸಿಕ ತೊಂದರೆ ಇರುವವರಲ್ಲಿ, ತೊಂದರೆಯ ಬಗೆಗೆ ತಕ್ಕಂತೆ, ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಶುರುವಾಗಿ, 14416ಕ್ಕೆ ಕರೆ ಮಾಡಿದರೆ ಮಾತಾಡಲು ಒಬ್ಬರು ಸಿಗುವಂತಾದದ್ದು ದೊಡ್ಡ ಸಂಗತಿ. ಆದರೆ ಅಂಥ ಪ್ರತಿ ಕರೆಯ ಇನ್ನೊಂದು ತುದಿಯಲ್ಲೂ ಒಂದು ಕಿವಿ ಇರಲೇಬೇಕು. ಕಿವಿಗಳು ಕಡಿಮೆ, ಕರೆಗಳು ಹೆಚ್ಚು. ಐದನೆಯವರನ್ನು ಬೇಡ ಎಂದರೆ ಅವರು ಎಲ್ಲಿಗೆ ಹೋಗಬೇಕು? ಒಪ್ಪಿಕೊಂಡರೆ ಅವರಿಗೆ ಸಿಗುವುದು ಯಾರು? ಈ ಇಕ್ಕಟ್ಟನ್ನು ಒಬ್ಬಳ ಆತ್ಮಸಾಕ್ಷಿ ಬಿಡಿಸಲಾರದು.

ನನ್ನ ಅಜ್ಜಿ ಸಾವಿನ ಮನೆಗೆ ಹೋಗುತ್ತಿದ್ದುದು ನೆನಪಾಗುತ್ತದೆ. ಸತ್ತವರ ಹೆಂಡತಿಯ ಪಕ್ಕ ಕೂತು, ಅವಳ ಕೈ ಹಿಡಿದು, ಜೋರಾಗಿ ಅಳುತ್ತಿದ್ದಳು. ಸಂಜೆ ಹಿಂತಿರುಗಿ ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಂಡು, ಸೀರೆ ಬದಲಿಸಿ, ಕಾಫಿ ಕುಡಿದು, ದನಕ್ಕೆ ಹುಲ್ಲು ಹಾಕಲು ಹೋಗುತ್ತಿದ್ದಳು. ಆ ಸ್ನಾನ ಮೈಲಿಗೆ ಕಳೆಯುವುದಕ್ಕೆ, ಅದರಲ್ಲಿ ನಾನು ತತ್ತ್ವ ಹುಡುಕುವುದಿಲ್ಲ. ಆದರೆ ಅವಳಾದ ಮೇಲೆ ಪಕ್ಕದ ಮನೆಯವಳು ಹೋಗಿ ಕೂರುತ್ತಿದ್ದಳು, ಮಾರನೆಯ ದಿನ ಇನ್ನೊಬ್ಬಳು. ಹದಿಮೂರು ದಿನ ಆ ಕೈ ಯಾರದೋ ಕೈಯಲ್ಲಿರುತ್ತಿತ್ತು. ಒಬ್ಬಳೇ ಹಿಡಿದಿರಬೇಕು ಎಂದು ಯಾರೂ ಹೇಳುತ್ತಿರಲಿಲ್ಲ.

ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಅಜ್ಜಿ ಹೋಗದ ಮನೆಗಳೂ ಇದ್ದವು. ಕೇರಿಯ ಆಚೆಗಿನ ಸಾವುಗಳಿಗೆ ಅವಳು ಹೋಗಲಿಲ್ಲ. ಬಾವಿಗೆ ಬಿದ್ದು ಸತ್ತ ಸೊಸೆಯ ಮನೆಯಲ್ಲಿ ಯಾರೂ ಜೋರಾಗಿ ಅಳಲಿಲ್ಲ. ಮಾತಾಡಬಾರದ ದುಃಖಗಳಿಗೆ ಆ ಊರಿನಲ್ಲಿ ಜಾಗವಿರಲಿಲ್ಲ. ಅಂಥವರಿಗೆಂದೇ ನನ್ನ ಕೋಣೆ ಬೇಕು. ಮಗನಿಗೆ ಬೈಕು ಕೊಡಿಸಿದ ತಂದೆ ಆ ಮಾತನ್ನು ಹೆಂಡತಿಗಾಗಲಿ ಅಣ್ಣತಮ್ಮಂದಿರಿಗಾಗಲಿ ಹೇಳಲಾರ. ಪರಿಚಯವಿಲ್ಲದ ಒಬ್ಬರಿಗೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೇಳಬಲ್ಲ. ಹಾಗಾಗಿ ಆ ಕೋಣೆಯಲ್ಲಿ ನಾನು ಇರಲೇಬೇಕು, ನಿಜವಾಗಿ ಇರಬೇಕು. ಅದಕ್ಕೆ ದಿನಕ್ಕೆ ಎಷ್ಟು ಜನ ಎಂಬ ಲೆಕ್ಕವೂ ನೀತಿಯ ಪ್ರಶ್ನೆಯೇ.

ಈಗ ನಾನು ದಿನಕ್ಕೆ ನಾಲ್ವರನ್ನಷ್ಟೇ ನೋಡುತ್ತೇನೆ. ಕೇಂದ್ರದವರು ಒಪ್ಪಲು ಸಮಯ ಹಿಡಿಯಿತು, ಸಂಬಳ ಕಡಿಮೆಯಾಯಿತು, ಕಾಯುವವರ ಪಟ್ಟಿ ಉದ್ದವಾಯಿತು. ಆ ಪಟ್ಟಿಯಲ್ಲಿ ಈ ವಾರ ಯಾರಿದ್ದಾರೆ, ಅವರ ಮನೆಯಲ್ಲಿ ಏನಾಗುತ್ತಿದೆ ಎಂಬುದು ನನಗೆ ಗೊತ್ತಿಲ್ಲ, ಅದನ್ನು ಮರೆತು ಇದು ಸರಿಯಾದ ತೀರ್ಮಾನ ಎಂದು ಎದೆ ತಟ್ಟಿ ಹೇಳಲಾರೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹತ್ತು ನಿಮಿಷ ಹೊರಗೆ ಬಂದು ನಿಲ್ಲುತ್ತೇನೆ. ಮುಖ ತೊಳೆಯುತ್ತೇನೆ. ಕರುಳು ಕೆಲವು ದಿನ ಚುರುಕ್ ಅನ್ನುತ್ತದೆ, ಕೆಲವು ದಿನ ಇಲ್ಲ. ಅದನ್ನು ಈಗ ಬಹಳ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎದುರಿನವರು ಈಗ ಯಾವ ವಾಕ್ಯ ಹೇಳಿದರು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಉತ್ತರ ಬಾರದಿದ್ದರೆ “ಇನ್ನೊಮ್ಮೆ ಹೇಳಿ” ಎನ್ನುತ್ತೇನೆ. ಯಾರೂ ಈವರೆಗೆ ಬೇಸರಪಟ್ಟುಕೊಂಡಿಲ್ಲ.

ಆ ಹಿರಿಯರು ಮತ್ತೂ ಕೆಲವು ತಿಂಗಳು ಬಂದರು. ಒಂದು ದಿನ ಹೆಂಡತಿಯನ್ನೂ ಕರೆದುಕೊಂಡು ಬಂದರು. ಎಂಟನೆಯ ವಾರ ಅವರು ಗಾಡಿ ವಿಷಯವನ್ನು ಎರಡನೆಯ ಸಲ ಹೇಳಿದಾಗ ಹತ್ತು ನಿಮಿಷದಲ್ಲಿ ಮುಗಿಸಿದ್ದರು. ಮೊದಲ ಸಲ ಎಷ್ಟು ಹೊತ್ತು ಹೇಳಿದ್ದರು, ಆಗ ಅತ್ತರೋ, ಈ ಸಲ ಬಿಟ್ಟ ಯಾವುದಾದರೂ ಮಾತು ಅದರಲ್ಲಿ ಇತ್ತೋ, ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.